ಬೈಬಲ್ಲಿನ ದೇವದೂತರ ಬಗ್ಗೆ ಕಾಮಿಕ್ಸ್ ಮಾಡುವ ಮುನ್ನ ಯಾರ ಒಪ್ಪಿಗೆ ಪಡೆಯಬೇಕು?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ದೇವದೂತರ ಕಥೆಗಳನ್ನು ಹೊಸದಾಗಿ ಕಲ್ಪಿಸಿ ಕನ್ನಡದಲ್ಲಿ ಸ್ವಂತ ಕಾಮಿಕ್ಸ್ ತರಬೇಕು, ಆದರೆ ನಿಮ್ಮ ಚರ್ಚ್ ಸಭೆಯ ಹಿರಿಯರು ಒಪ್ಪದೆ ಕೈಹಾಕಲು ಅಂಜಿಕೆ ಎಂದಿದ್ದೀರಿ. ನಾನು ಬೀದರಿನವಳು, ಮೆಥೋಡಿಸ್ಟ್ ಮನೆತನದವಳು. ಇದೇ ಅಂಜಿಕೆಯಿಂದ ಹಿರಿಯರ ಮನೆಮನೆಗೆ ಅಲೆದೆ. ಒಪ್ಪಿಗೆ ಸಿಕ್ಕಿತು, ಪುಸ್ತಕ ಹಾಳಾಯಿತು.

ನಾನು ಆರಿಸಿಕೊಂಡದ್ದು ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 18ನೇ ಅಧ್ಯಾಯ. ಮಮ್ರೆಯ ಮರಗಳ ಬಳಿ ಅಬ್ರಹಾಮನ ಗುಡಾರಕ್ಕೆ ಮೂವರು ಬರುವ ಕಥೆ. ಮೊದಲ ಪುಟದಲ್ಲೇ ಮೂವರಿಗೂ ಆಳೆತ್ತರದ ಬಿಳಿ ರೆಕ್ಕೆ ಬರೆದೆ, ಒಂದೊಂದು ಗರಿಯನ್ನೂ ಬಿಡಿಬಿಡಿಯಾಗಿ ತಿದ್ದಿದೆ. ಕ್ರಿಸ್‌ಮಸ್ ಕ್ಯಾಲೆಂಡರುಗಳಲ್ಲಿ ಚಿಕ್ಕಂದಿನಿಂದ ಕಂಡಿದ್ದ ದೇವದೂತರು ಅವರು. ಹಿರಿಯರು ಪುಟ ತಿರುವಿ, ಭಕ್ತಿಯಿಂದ ಬರೆದಿದ್ದೀ ಎಂದು ಹರಸಿದರು. ಉಳಿಸಿದ್ದ ಹಣವನ್ನೆಲ್ಲ ಸುರಿದು ಬಣ್ಣದಲ್ಲಿ ಅಚ್ಚು ಹಾಕಿಸಿದೆ. ನವೆಂಬರಿನ ಧಾರೂರು ಕ್ರೈಸ್ತ ಜಾತ್ರೆಗೆ ಒಯ್ಯಲು ಕಟ್ಟುಗಳೂ ಸಿದ್ಧವಾಗಿದ್ದವು.

ಜಾತ್ರೆಗೆ ಹೊರಡುವ ಮುನ್ನ ನಮ್ಮ ಆಯಿ ಒಂದು ಪ್ರತಿ ಕೈಗೆತ್ತಿಕೊಂಡಳು. ಓದು ಬಾರದ ಆಕೆ ಸತ್ಯವೇದವನ್ನು, ಅಂದರೆ ಬೈಬಲ್ಲನ್ನು, ಕಿವಿಯಿಂದಲೇ ಕಲಿತವಳು. ಬೆರಳಿನಿಂದ ರೆಕ್ಕೆಯನ್ನು ಸವರಿ ಕೇಳಿದಳು: “ಅಲ್ಲವ್ವಾ, ರೆಕ್ಕೆ ಕಂಡ ಮೇಲೆ ಯಾರಾದರೂ ಊಟಕ್ಕೆ ಕರೆಯುತ್ತಾರೆ. ಅಬ್ರಹಾಮ ಮಾಡಿದ್ದು ಏನು ದೊಡ್ಡದು?”

ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನೀವೂ ಇಲ್ಲೇ ಎಡವುತ್ತೀರಿ. ಆ ಅಧ್ಯಾಯದಲ್ಲಿ ರೆಕ್ಕೆಯ ಸುದ್ದಿಯೇ ಇಲ್ಲ. ಬಿಸಿಲು ಏರಿದ ಹೊತ್ತು, ಮೂವರು ಮನುಷ್ಯರು ನಿಂತಿದ್ದಾರೆ, ಅಷ್ಟೆ. ಬಂದವರು ಯಾರೆಂದು ಓದುಗರಿಗೆ ಮೊದಲ ವಾಕ್ಯದಲ್ಲೇ ಗೊತ್ತು, ಅಬ್ರಹಾಮನಿಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ಆ ಮುದುಕ ಓಡಿಹೋಗಿ ಬಗ್ಗುತ್ತಾನೆ, ಕಾಲಿಗೆ ನೀರು ತರಿಸುತ್ತಾನೆ. ಒಂದು ತುತ್ತು ರೊಟ್ಟಿ ತಿಂದು ಹೋಗಿ ಎಂದು ಬಾಯಲ್ಲಿ ಹೇಳಿ, ಒಳಗೆ ಹೆಂಡತಿ ಸಾರಾಳಿಗೆ ಮೂರು ಅಳತೆ ಹಿಟ್ಟು ನಾದಲು ಹೇಳುತ್ತಾನೆ. ಈಗಿನ ಲೆಕ್ಕದಲ್ಲಿ ಅದು ಸುಮಾರು 20 ಲೀಟರ್ ಹಿಟ್ಟು, ಮೂವರಿಗೆ! ಜೊತೆಗೆ ಎಳೆಗರು, ಮೊಸರು, ಹಾಲು. ದಾರಿಹೋಕರಿಗೆ ಇಷ್ಟು ಮಾಡಿದ ಎಂಬುದರಲ್ಲಿಯೇ ಕಥೆ ಇದೆ. ಊಟವಾದ ಮೇಲೆ ಅತಿಥಿ ಕೇಳುತ್ತಾನೆ, “ನಿನ್ನ ಹೆಂಡತಿ ಸಾರಾ ಎಲ್ಲಿ?” ಹೆಸರು ಇವನಿಗೆ ಹೇಗೆ ಗೊತ್ತಾಯಿತು? ಕಾಮಿಕ್ಸಿನಲ್ಲಿ ಮೈ ಜುಮ್ಮೆನ್ನಬೇಕಾದ ಚಿತ್ರದ ಚೌಕ ಅದು. ನನ್ನ ಪುಸ್ತಕದಲ್ಲಿ ಅದು ಸತ್ತೇಹೋಗಿತ್ತು. ರೆಕ್ಕೆಯುಳ್ಳವನಿಗೆ ಹೆಸರು ಗೊತ್ತಿದ್ದರೆ ಆಶ್ಚರ್ಯವೇನು?

ಅತಿಥಿಯ ಮಾತು ಕೇಳಿ ಸಾರಾ ನಗುವುದೂ ಕೆಟ್ಟಿತು. ಗುರುತು ಪರಿಚಯವಿಲ್ಲದ ಪರದೇಶಿಯೊಬ್ಬ ಮುದುಕಿಗೆ ಮಗು ಹುಟ್ಟುತ್ತದೆ ಎಂದರೆ ಯಾರಿಗೂ ನಗು ಬರುತ್ತದೆ. ಕಣ್ಣೆದುರು ರೆಕ್ಕೆ ಇದ್ದೂ ನಕ್ಕಳೆಂದರೆ ಆಕೆ ಬರೀ ಉದ್ಧಟ ಹೆಂಗಸಾಗುತ್ತಾಳೆ. ಮುಂದಿನ ಅಧ್ಯಾಯದಲ್ಲಿ ಅವರಲ್ಲಿ ಇಬ್ಬರು ಸೊದೋಮಿಗೆ ಹೋಗುತ್ತಾರೆ, ಊರಿನ ಗಂಡಸರು ಅವರನ್ನು ಮನುಷ್ಯರೆಂದೇ ತಿಳಿದು, ಅವರನ್ನು ಮನೆಯಲ್ಲಿ ಇಳಿಸಿಕೊಂಡ ಲೋಟನ ಬಾಗಿಲಿಗೆ ಮುತ್ತುತ್ತಾರೆ. ಅದೂ ಅರ್ಥವಿಲ್ಲದ್ದಾಯಿತು. ಬೈಬಲ್ಲಿನಲ್ಲೇ ಇರುವ, ಇಬ್ರಿಯರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ, ಕೆಲವರು ತಿಳಿಯದೆಯೇ ದೇವದೂತರನ್ನು ಸತ್ಕರಿಸಿದರು ಎಂಬ ಮಾತಿದೆ. ಆ ‘ತಿಳಿಯದೆಯೇ’ ಎಂಬುದನ್ನೇ ನಾನು ಮೊದಲ ಪುಟದಲ್ಲಿ ಅಳಿಸಿಬಿಟ್ಟಿದ್ದೆ.

ರೆಕ್ಕೆ ಅಳಿಸಿ ಮರುಮುದ್ರಿಸೋಣ ಎಂದುಕೊಂಡೆ, ಆಗಲಿಲ್ಲ. ಅಬ್ರಹಾಮನ ಬಾಗು, ಅವನ ಮುಖದ ಮೇಲಿನ ಬೆಳಕು, ಮಾತಿನ ಗುಳ್ಳೆಗಳ ಜಾಗ ಎಲ್ಲವೂ ರೆಕ್ಕೆಗೆ ತಕ್ಕಂತೆ ಕೂತಿದ್ದವು. ಬಣ್ಣ ತುಂಬಿದ ಗೆಳತಿಯ ಸಂಜೆಗಳೂ ನೀರುಪಾಲಾದವು. ಆ ಕಟ್ಟುಗಳನ್ನು ಜಾತ್ರೆಗೆ ಒಯ್ಯಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಪ್ಪಿಗೆ ಕೊಡುವವರು ತಪ್ಪು ಹುಡುಕುತ್ತಾರೆ, ಕಥೆ ಉಸಿರಾಡುತ್ತಿದೆಯೇ ಎಂದು ನೋಡುವುದಿಲ್ಲ. ‘ಹೊಸದಾಗಿ ಕಲ್ಪಿಸುವುದು’ ಎಂಬುದರ ಮೇಲೂ ನನಗೆ ನಂಬಿಕೆ ಇಲ್ಲ. ನಾವು ಹಳೆಯದೆಂದು ತಿಳಿದಿರುವುದು ಕ್ಯಾಲೆಂಡರಿನ ಚಿತ್ರ. ಮೂಲದಲ್ಲಿರುವುದು ನಮ್ಮ ಕಲ್ಪನೆಗಿಂತ ವಿಚಿತ್ರ. ರೆಕ್ಕೆ ಬೇಕೆ? ಪ್ರವಾದಿ ಯೆಶಾಯನ ಪುಸ್ತಕದ 6ನೇ ಅಧ್ಯಾಯಕ್ಕೆ ಹೋಗಿ: ಆರು ರೆಕ್ಕೆಯ ಸೆರಾಫಿಯರು ಎರಡರಿಂದ ಮುಖ, ಎರಡರಿಂದ ಕಾಲು ಮುಚ್ಚಿಕೊಂಡು ಉಳಿದೆರಡರಿಂದ ಹಾರುತ್ತಾರೆ. ಪ್ರವಾದಿ ಯೆಹೆಜ್ಕೇಲನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಮನುಷ್ಯ, ಸಿಂಹ, ಹೋರಿ, ಹದ್ದು ಹೀಗೆ ನಾಲ್ಕು ಮುಖದ ಜೀವಿಗಳಿವೆ, ಪಕ್ಕದಲ್ಲಿ ಚಕ್ರದೊಳಗೆ ಚಕ್ರ, ಅಂಚಿನ ತುಂಬ ಕಣ್ಣು. ಎರಡನೇ ಪುಸ್ತಕದಲ್ಲಿ ಆ ಚಕ್ರವನ್ನು ನಮ್ಮ ಬಿದರಿ ಕೆಲಸದ ರೀತಿಯಲ್ಲಿ ಬರೆದೆ. ಕುಶಲಕರ್ಮಿಗಳು ಸತುವಿನ ಪಾತ್ರೆಯಲ್ಲಿ ಗೆರೆ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸಿ, ಕೋಟೆಯ ಮಣ್ಣು, ನವಸಾರವೆಂಬ ಲವಣದಿಂದ ಕಪ್ಪು ಮಾಡುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಪುಟವನ್ನೆಲ್ಲ ಶಾಯಿಯಿಂದ ಮುಚ್ಚಿ ಕಣ್ಣುಗಳನ್ನಷ್ಟೇ ಬಿಳಿಯಾಗಿ ಬಿಟ್ಟೆ. ಬಣ್ಣದ ಖರ್ಚೂ ಉಳಿಯಿತು.

ಪ್ರವಾದಿ ಬಿಳಾಮನ ಕತ್ತೆಯನ್ನು ನೋಡಿ, ಬೈಬಲ್ಲಿನ ಅರಣ್ಯಕಾಂಡ 22. ಕತ್ತಿ ಹಿರಿದ ದೂತ ಕತ್ತೆಗೆ ಕಾಣುತ್ತಾನೆ, ಪ್ರವಾದಿಗೆ ಕಾಣುವುದಿಲ್ಲ. ಒಂದು ಚೌಕ ಕತ್ತೆಯ ಕಣ್ಣಿನಿಂದ, ಪಕ್ಕದ್ದು ಬಿಳಾಮನ ಕಣ್ಣಿನಿಂದ. ಕಾಮಿಕ್ಸಿಗೆಂದೇ ಹುಟ್ಟಿದ ಕಥೆ. ಸತ್ಯವೇದದಲ್ಲಿ ಯೆಹೋವನ ದೂತನು ಮೊದಲು ಮಾತನಾಡಿಸುವುದು ಅರಸನನ್ನಲ್ಲ, ಓಡಿಬಂದ ಐಗುಪ್ತದ ದಾಸಿ ಹಾಗರಳನ್ನು. ನಮ್ಮ ಓಣಿಯ ಮುಸ್ಲಿಮರಿಗೆ ಆಕೆ ಹಾಜಿರಾ, ನಮ್ಮ ದೇವದೂತ ಗಬ್ರಿಯೇಲ ಅವರಿಗೆ ಜಿಬ್ರೀಲ್. ನಿಮ್ಮ ಓದುಗರು ಸಭೆಯೊಳಗೆ ಮಾತ್ರ ಇದ್ದಾರೆಂದು ಏಕೆ ತಿಳಿಯುತ್ತೀರಿ?

ಯಾಕೋಬನಿಂದ ಶುರುಮಾಡಿ, ಆದಿಕಾಂಡ 32. ರಾತ್ರಿ, ಹೊಳೆಯ ದಂಡೆ, ಹೆಸರು ಹೇಳದ ಒಬ್ಬನೊಡನೆ ಬೆಳಗಿನವರೆಗೆ ಕುಸ್ತಿ. ಬಣ್ಣ ಬೇಡ. ಈಗಿನ ಹಲವು ಅನುವಾದಗಳಿಗೆ ಹಕ್ಕುಸ್ವಾಮ್ಯ ಇರುವುದರಿಂದ ಸಾಲುಗಳನ್ನು ಎತ್ತಿ ಹಾಕದೆ ಮಾತುಗಳನ್ನು ನೀವೇ ಬರೆಯಿರಿ. ಮೊದಲು ಮಾತು ಬರೆದು ಆಮೇಲೆ ಗುಳ್ಳೆ ಎಳೆಯಿರಿ. ಒತ್ತಕ್ಷರಗಳಿಗೆ ಸಾಲುಗಳ ನಡುವೆ ಜಾಗ ಬೇಕಾಗುತ್ತದೆ. ಕರಡನ್ನು ಜೆರಾಕ್ಸ್ ಮಾಡಿಸಿ ಹಂಚಿ, ಹಿರಿಯರಿಗೂ ಒಂದು ಪ್ರತಿ ಕೊಡಿ. ಎಲ್ಲರಿಂದ ಕೇಳಿ ತಿದ್ದುವವರೆಗೆ ಪ್ರೆಸ್ಸಿಗೆ ಮುಂಗಡ ಕೊಡಬೇಡಿ.