ಓದುಗರ ಪ್ರಶ್ನೆ: ಡ್ರಮ್ ಬದಲಿಸಿದರೆ ಫೋಮ್ ಬದಲಾಯಿತೇ?

ಪ್ರಶ್ನೆ: ವಿಮಾನ ನಿಲ್ದಾಣಗಳಲ್ಲಿ ಬೆಂಕಿ ಆರಿಸುವ ನೊರೆ ವಿಷವಂತೆ. ಅದು ಬಾವಿಗೆ ಇಳಿದರೆ ನೀರನ್ನು ಕುದಿಸಿ ಕುಡಿಯಬಹುದೇ?
– ಮಂಡಕಳ್ಳಿ ಕಡೆಯ ಓದುಗರು, ಮೈಸೂರು

ಉತ್ತರ: ಎಲ್ಲ ನೊರೆಯೂ ಅಂಥದ್ದಲ್ಲ. ತಕರಾರು 1960ರ ದಶಕದಲ್ಲಿ ಬಂದ, ಇಂಧನದ ಮೇಲೆ ತೆಳುಪೊರೆ ಕಟ್ಟುವ ಎಎಫ್‌ಎಫ್‌ಎಫ್ ಫೋಮಿನದು (ಫೋಮ್ ಎಂದರೆ ಇದೇ ನೊರೆ). ಅದರಲ್ಲಿರುವ, ಫ್ಲೋರಿನ್ ಸೇರಿದ ಪಿಎಫ್‌ಎಎಸ್ ರಾಸಾಯನಿಕಗಳು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಈ ಗುಂಪಿನ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ, ಕೊಳೆಯದ ವಿಷಗಳಿಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿ ಸೇರಿವೆ. ಕುದಿಸಬೇಡಿ, ನೀರು ಆವಿಯಾಗಿ ಹೋಗುತ್ತದೆ, ಪಿಎಫ್‌ಎಎಸ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಾಢವಾಗುತ್ತದೆ. ಆರ್‌ಒ ಬಹುಮಟ್ಟಿಗೆ ತಡೆಯುತ್ತದೆ. ಆದರೆ ನೀರಿನಲ್ಲಿ ಇದೆಯೋ ಇಲ್ಲವೋ ಎಂಬುದು ಬಣ್ಣ, ವಾಸನೆಯಿಂದ ತಿಳಿಯದು, ಪ್ರಯೋಗಾಲಯವೇ ಹೇಳಬೇಕು.

ಪ್ರಶ್ನೆ: ಫ್ಲೋರಿನ್ ಇಲ್ಲದ ಫೋಮ್ ಸಿಗುತ್ತದಲ್ಲ? ಹಳೆಯದನ್ನು ಖಾಲಿ ಮಾಡಿ ಹೊಸದನ್ನು ತುಂಬಿಸಿದರೆ ಆಗದೇ?
– ಅಗ್ನಿಶಾಮಕ ತರಬೇತಿಯಲ್ಲಿರುವ ಓದುಗರು, ಮೈಸೂರು

ಉತ್ತರ: ಹೆಚ್ಚಿನವರು ಎಡವುವುದು ಇಲ್ಲೇ. ಮೊದಲು ಲೆಕ್ಕ ನೋಡಿ. ಎಟಿಆರ್-72ರಂಥ 27 ಮೀಟರ್ ಉದ್ದದ ವಿಮಾನ ಐಕಾವೊ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಪ್ರಕಾರ ಬೆಂಕಿ ರಕ್ಷಣೆಯಲ್ಲಿ 5ನೇ ವರ್ಗ. ಬೆಂಕಿ ಆರಿಸುವ ಸಾಮರ್ಥ್ಯದಲ್ಲಿ ‘ಬಿ’ ಮಟ್ಟದ ಫೋಮಿಗೆ 5,400 ಲೀಟರ್ ನೀರು ಬೇಕು. ಶೇ 3ರ ದ್ರಾವಣವಾದರೆ (97 ಪಾಲು ನೀರಿಗೆ 3 ಪಾಲು ಫೋಮ್) ಸುಮಾರು 167 ಲೀಟರ್ ಫೋಮ್. ದಾಸ್ತಾನಿನಲ್ಲಿ ಅದರ ಎರಡರಷ್ಟು. ಇಷ್ಟನ್ನು ಕೊಳ್ಳುವುದು ಸುಲಭ, ಅಗ್ನಿಶಾಮಕ ವಾಹನವನ್ನು ತೊಳೆಯುವುದೇ ಕಷ್ಟ. ಪಿಎಫ್‌ಎಎಸ್ ಅದರ ಟ್ಯಾಂಕಿನ ಒಳಗೋಡೆಗೆ ಪದರವಾಗಿ ಅಂಟಿರುತ್ತದೆ. ಮೂರು ಸಲ ತೊಳೆದರೂ ತಿಂಗಳುಗಳ ನಂತರ ಹೊಸ ಫೋಮಿಗೆ ಬಿಟ್ಟುಕೊಳ್ಳುತ್ತದೆ. ಪೈಪಿನ ಮೊಣಕೈ, ಪ್ರಪೋರ್ಷನರ್ (ನೀರಿಗೆ ಫೋಮನ್ನು ಅಳತೆಯಲ್ಲಿ ಬೆರೆಸುವ ಸಾಧನ), ಹರಿವಿಲ್ಲದ ಕವಲುಗಳು ಇದರ ಅಡಗುತಾಣ. ರಬ್ಬರ್ ಹೋಸ್, ಸೀಲುಗಳನ್ನು ತಿಕ್ಕುತ್ತ ಕೂರದೆ ಬದಲಿಸಿಬಿಡುವುದು ಲೇಸು. ತೊಳೆದ ನೀರು ಒಂದು ಹನಿಯೂ ಚರಂಡಿಗೆ ಹೋಗಬಾರದು, ಅದನ್ನು ಶುದ್ಧೀಕರಣ ಘಟಕವೂ ಒಡೆಯಲಾರದು. ಮುಚ್ಚಳ ಬಿಗಿದ ಡ್ರಮ್ಮಿಗೆ ತುಂಬಿ, ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯಕ್ಕೆ ಪರವಾನಗಿ ಇರುವವರಿಗೇ ಕೊಡಿ.

ಇನ್ನೊಂದು ತೊಡಕು, ಹೊಸ ಫೋಮ್ ಹಳೆಯದಕ್ಕಿಂತ ಗಟ್ಟಿ, ನಿಧಾನವಾಗಿ ಹರಿಯುವಂಥದ್ದು. ನೀರಿನಷ್ಟು ತೆಳುವಾದ ಎಎಫ್‌ಎಫ್‌ಎಫ್‌ಗೆ ಹೊಂದಿಸಿದ್ದ ಪ್ರಪೋರ್ಷನರ್ ಇದನ್ನು ಸಾಕಷ್ಟು ಎಳೆಯದೆ ಶೇ 3ರ ಬದಲು 2ನ್ನೇ ಕೊಡಬಹುದು. ಮತ್ತೆ ಕ್ಯಾಲಿಬ್ರೇಟ್ ಮಾಡಲೇಬೇಕು. ಇದು ಇಂಧನದ ಮೇಲೆ ತೆಳುಪೊರೆ ಕಟ್ಟುವುದೂ ಇಲ್ಲ, ಗುಳ್ಳೆಗಳ ಹೊದಿಕೆಯೇ ಇದರ ಬಲ. ಹಾಗಾಗಿ ಗಾಳಿ ಸೆಳೆಯುವ ನಾಜಲ್ ಬೇಕು. ಪರೀಕ್ಷಿಸುವುದು ಸರಳ: ಒಂದು ಲೀಟರ್ ಪಾತ್ರೆಗೆ ನೊರೆ ತುಂಬಿ ತೂಗಿ. 125 ಗ್ರಾಂ ಬಂದರೆ ಹಿಗ್ಗುವಿಕೆ 8, ಅಂದರೆ ದ್ರಾವಣ ಎಂಟು ಪಟ್ಟು ಉಬ್ಬಿದೆ, ಚೆನ್ನಾಗಿದೆ. 300 ಗ್ರಾಂ ತೂಗಿದರೆ ನೊರೆಯಲ್ಲ, ಸೋಪುನೀರು. ಧಾರೆಯನ್ನು ಇಂಧನದೊಳಕ್ಕೆ ಚುಚ್ಚಬೇಡಿ, ಗುಳ್ಳೆ ಇಂಧನವನ್ನು ಹೊತ್ತುಕೊಂಡು ಮೇಲೆದ್ದು ತಾನೇ ಉರಿಯುತ್ತದೆ. ಮುಂದಿನ ನೆಲಕ್ಕೆ ಬಡಿದು ಜಾರಿಸಿ. ಎರಡು ಕಂಪನಿಗಳ ಹೊಸ ಫೋಮನ್ನು ಬೆರೆಸಲೂಬೇಡಿ, ಜೆಲ್ಲಿಯಂತೆ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಂಡೀತು.

ಪ್ರಶ್ನೆ: ನಮ್ಮಲ್ಲಿ ಎಥನಾಲ್ ಟ್ಯಾಂಕುಗಳಿವೆ. ಇದೇ ಫೋಮ್ ಸಾಕೇ?
– ಸಕ್ಕರೆ ಕಾರ್ಖಾನೆಯ ಸುರಕ್ಷತಾ ಸಿಬ್ಬಂದಿ, ಮಂಡ್ಯ ಜಿಲ್ಲೆ

ಉತ್ತರ: ಸಾಲದು. ಎಥನಾಲ್ ನೀರಿನಲ್ಲಿ ಬೆರೆಯುವುದರಿಂದ ಸಾಮಾನ್ಯ ನೊರೆಯ ನೀರನ್ನೆಲ್ಲ ಹೀರಿ ಕ್ಷಣದಲ್ಲಿ ಕರಗಿಸಿಬಿಡುತ್ತದೆ. ‘ಎಆರ್’ (ಆಲ್ಕೋಹಾಲ್ ತಡೆದುಕೊಳ್ಳುವ) ಗುರುತಿನ, ಫ್ಲೋರಿನ್ ಇಲ್ಲದ ಫೋಮನ್ನೇ ಕೇಳಿ. ಡ್ರಮ್ಮಿನ ಮೇಲೆ 3/6 ಎಂದಿದ್ದರೆ ಡೀಸೆಲ್‌ಗೆ ಶೇ 3, ಎಥನಾಲ್‌ಗೆ ಶೇ 6. ಪ್ರಪೋರ್ಷನರ್ 3ರಲ್ಲೇ ನಿಂತಿಲ್ಲವೇ ಎಂದು ಇವತ್ತೇ ಒಮ್ಮೆ ನೋಡಿಬನ್ನಿ.