ಹಬ್ಬಕ್ಕೆ ಬಂದ ನೆಂಟರಿಗೆ ನಕ್ಷತ್ರ ತೋರಿಸಬಹುದಾ?

ನಿಮ್ಮ ಪ್ರಶ್ನೆ ಇದು: ದೀಪಾವಳಿಗೆ ಬೆಂಗಳೂರಿನಿಂದ ಗೆಳೆಯರು, ಅವರ ಮಕ್ಕಳು ಶಿರಸಿ ಕಡೆಯ ನಿಮ್ಮ ಮನೆಗೆ ಬರುತ್ತಾರೆ, ಹಬ್ಬದ ಗಡಿಬಿಡಿಯಲ್ಲಿ ಒಂದು ರಾತ್ರಿ ಆಕಾಶ ನೋಡುವ ಕಾರ್ಯಕ್ರಮ ಇಟ್ಟುಕೊಳ್ಳಬಹುದಾ, ದೂರದರ್ಶಕ ಕೊಳ್ಳಬೇಕಾ?

ಇಟ್ಟುಕೊಳ್ಳಿ. ದೂರದರ್ಶಕ ಬೇಡ. ಮತ್ತೆ, ಅದನ್ನು 'ಕಾರ್ಯಕ್ರಮ' ಅಂತ ಮಾತ್ರ ಕರೆಯಬೇಡಿ.

ನಾನು ಇರುವುದು ಕಾರವಾರದಲ್ಲಿ, ಮೂಲಮನೆ ಶಿರಸಿ ಹತ್ತಿರದ ಹಳ್ಳಿ. ನನ್ನ ಮೊದಲ ಕಾರ್ಯಕ್ರಮ ನಡೆದದ್ದು ಕಾರವಾರದ ಕಡಲತೀರದಲ್ಲಿ, ಆಗಸ್ಟ್ 12ರ ರಾತ್ರಿ. ಪರ್ಸೀಡ್ ಉಲ್ಕಾವೃಷ್ಟಿ ಅಂತ ಎಲ್ಲೋ ಓದಿ ಆರು ಜನ ಗೆಳೆಯರನ್ನು ಕರೆದಿದ್ದೆ. ವೃಷ್ಟಿ ಏನೋ ಆಯಿತು, ಉಲ್ಕೆಯದಲ್ಲ. ಆಗಸ್ಟ್‌ನಲ್ಲಿ ನಮ್ಮ ಕರಾವಳಿಯ ಆಕಾಶ ಹೇಗಿರುತ್ತದೆ ಎಂದು ಇಲ್ಲೇ ಹುಟ್ಟಿದ ನನಗೆ ಗೊತ್ತಿರಬೇಕಿತ್ತು ಅಲ್ವಾ? ಮುಂದಿನ ವರ್ಷ ಆನ್‌ಲೈನ್‌ನಲ್ಲಿ ಅಗ್ಗದ ದೂರದರ್ಶಕ ತರಿಸಿದೆ. ಅದರ ಸ್ಟ್ಯಾಂಡ್ ಗಾಳಿಗೇ ನಡುಗುತ್ತಿತ್ತು. ಮಕ್ಕಳು ಸಾಲಿನಲ್ಲಿ ನಿಂತು ಜಗಳವಾಡಿದರು. ದೊಡ್ಡವರು 'ಹ್ಞಾಂ, ಕಂಡಿತು ಕಂಡಿತು' ಎಂದು ಸುಳ್ಳು ಹೇಳಿ ಊಟಕ್ಕೆ ಹೋದರು.

ಸರಿಯಾಗಿ ಆದದ್ದು 2023ರ ದೀಪಾವಳಿಯಲ್ಲಿ, ಅದೂ ಸುಮ್ನೆ ಆದದ್ದು.

ಬಲಿಪಾಡ್ಯಮಿಯ ರಾತ್ರಿ. ಬೆಳಿಗ್ಗೆ ಗೋಪೂಜೆ ಆಗಿತ್ತು, ದನಗಳ ಕೊರಳಲ್ಲಿ ಅಡಿಕೆ ಸರ ಇನ್ನೂ ಇತ್ತು. ದೀಪ ಹಿಡಿದು ಹಬ್ಬ ಹಾಡುವವರು ಮನೆಮನೆಗೆ ಬರುವ ರಾತ್ರಿ ಅದು. ಅವರು ಎಷ್ಟು ಹೊತ್ತಿಗೆ ಬರುತ್ತಾರೆಂದು ಯಾರಿಗೂ ಗೊತ್ತಿಲ್ಲ, ಬರುವ ತನಕ ಮಲಗುವ ಹಾಗೂ ಇಲ್ಲ. ಊಟ ಮುಗಿಸಿ ಹನ್ನೆರಡು ಜನ ಅಂಗಳದಲ್ಲಿ ಕಂಬಳಿ ಹಾಸಿ ಕೂತಿದ್ದೆವು. ಕರೆಂಟು ಹೋಯಿತು. ಮೊದಲೇ ಅಮಾವಾಸ್ಯೆಯ ಮಾರನೇ ದಿನ, ಚಂದ್ರನ ಸುಳಿವಿಲ್ಲ.

ನಾನು ಸುಮ್ನೆ ಆಯಿಯನ್ನು ಕೇಳಿದೆ, 'ನಿನ್ನ ನಕ್ಷತ್ರ ಯಾವುದು?' 'ಕೃತ್ತಿಕೆ' ಎಂದಳು. ಪೂರ್ವಕ್ಕೆ, ಅಡಿಕೆ ಮರಗಳ ತಲೆಯ ಮೇಲೆ ಕೈ ತೋರಿಸಿದೆ. ಅಕ್ಷತೆ ಕಾಳು ಒಂದೇ ಕಡೆ ಬಿದ್ದ ಹಾಗೆ ಆರು ಚುಕ್ಕೆ. 'ಅಯ್ಯೋ, ಇದಾ! ಕೊಟ್ಟಿಗೆಗೆ ಹೋಗುವಾಗ ಎಷ್ಟು ಸಲ ನೋಡಿದ್ದೇನೆ' ಎಂದಳು. ಎಪ್ಪತ್ತು ವರ್ಷ ಸಂಕಲ್ಪದಲ್ಲಿ ಹೇಳಿದ ನಕ್ಷತ್ರ ಅದು. ಕಂಡದ್ದೂ ಅದನ್ನೇ. ಎರಡೂ ಒಂದೇ ಎಂದು ಯಾರೂ ಹೇಳಿರಲಿಲ್ಲ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 440 ವರ್ಷ ಆಯಿತು, ಅಂದರೆ ಸೋದೆಯಲ್ಲಿ ವಾದಿರಾಜರು ಇದ್ದ ಕಾಲದ್ದು ಎಂದೆ. ಆಯಿ ಕೈ ಮುಗಿದಳು. ಬೆಳಕಿಗೋ ವಾದಿರಾಜರಿಗೋ ಗೊತ್ತಿಲ್ಲ.

ಆಮೇಲೆ ಶುರುವಾಯಿತು, 'ನನ್ನದು ಎಲ್ಲಿ, ನನ್ನದು ಎಲ್ಲಿ'. ಅತ್ತಿಗೆಯದು ರೋಹಿಣಿ, ಕೃತ್ತಿಕೆಯ ಕೆಳಗೇ ಕೆಂಪಗೆ ಇತ್ತು. ಬೆಂಗಳೂರಿನಿಂದ ಬಂದ ಗೆಳೆಯನದು ಆರ್ದ್ರಾ. ಅದು ಮರದ ಮರೆಯಿಂದ ಮೇಲೆ ಬರಲಿ ಎಂದು ಕಾದ, ಹತ್ತೂವರೆಗೆ ಕಂಡಿತು. ಅವನ ಮಗಳದು ಪುನರ್ವಸು, ಅದು ಇನ್ನೂ ತಡ. ನೆತ್ತಿಯ ಹತ್ತಿರ ಗುರು ಗ್ರಹ ಹೊಳೆಯುತ್ತಿತ್ತು. ಬೈನಾಕ್ಯುಲರ್ ಅನ್ನು ಕಂಬಕ್ಕೆ ಒತ್ತಿ ಹಿಡಿದರೆ ಅದರ ಚಂದ್ರರೂ ಕಂಡರು. ಹಾಡುವವರು ಬಂದಾಗ ಹನ್ನೊಂದೂವರೆ. ಅವರಲ್ಲಿ ಇಬ್ಬರು ಪದ ಮುಗಿಸಿ, ದೀಪಕ್ಕೆ ಎಣ್ಣೆ ಹಾಕಿಸಿಕೊಂಡು, 'ನಮ್ಮದೂ ತೋರಿಸಿ' ಎಂದು ನಿಂತರು.

ಜಾತಕದ ಮಾತು ನಂಬಿ ಎಂದು ಹೇಳುತ್ತಿಲ್ಲ, ನಾನೂ ಅಷ್ಟಾಗಿ ನಂಬುವವನಲ್ಲ. ಜನ್ಮನಕ್ಷತ್ರ ಅಂದರೆ ಹುಟ್ಟಿದ ದಿನ ಚಂದ್ರ ಆಕಾಶದ ಯಾವ ತುಂಡಿನಲ್ಲಿದ್ದ ಎನ್ನುವ ವಿಳಾಸ. ತಿಂಗಳ ಹೆಸರೂ ಹಾಗೇ. ಹುಣ್ಣಿಮೆ ಚಂದ್ರ ಕೃತ್ತಿಕೆಯ ಹತ್ತಿರ ಬಂದರೆ ಕಾರ್ತಿಕ, ಚಿತ್ತೆಯ ಹತ್ತಿರ ಬಂದರೆ ಚೈತ್ರ. ಪಂಚಾಂಗ ಗೋಡೆಗೆ ನೇತುಹಾಕಿದ ಮನೆಯಲ್ಲಿ ಇದನ್ನು ಹೇಳಿ ನೋಡಿ. ಹಿರಿಯರು ನಿಮಗಿಂತ ಜಾಸ್ತಿ ಮಾತಾಡುತ್ತಾರೆ.

ಗ್ರಹಣದ ವಿಷಯದಲ್ಲಿ ಮಾತ್ರ ಹಿರಿಯರ ಜೊತೆ ವಾದಕ್ಕೆ ಹೋಗಬೇಡಿ, ಹಬ್ಬವೇ ಹಾಳಾಗುತ್ತದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿದೆಯಾ? ಕಾಸರಗೋಡು ಕಡೆ ಕಂಕಣ, ನಮ್ಮಲ್ಲಿ ಸೂರ್ಯ ಮುಕ್ಕಾಲಿಗಿಂತ ಜಾಸ್ತಿ ಮುಚ್ಚಿದ್ದ. ನಾವು ಗ್ರಹಣದ ಕನ್ನಡಕ ಹಾಕಿಕೊಂಡು ಅಂಗಳದಲ್ಲಿ. ಆಯಿ ಬಾಗಿಲು ಹಾಕಿಕೊಂಡು ಒಳಗೆ, ಜಪ. ಒಂಬತ್ತೂವರೆ ಹೊತ್ತಿಗೆ ಒಳಗಿಂದ ಕೂಗಿದಳು. ಹಂಚಿನ ಸಂದಿಯಿಂದ ನೆಲಕ್ಕೆ ಬೀಳುವ ಬಿಸಿಲಿನ ಚುಕ್ಕೆಗಳೆಲ್ಲ ಕತ್ತಿಯ ಹಾಗೆ ಬಾಗಿದ್ದವು! ಸಣ್ಣ ತೂತಿನಿಂದ ಬಂದ ಬಿಸಿಲು ಸೂರ್ಯನ ಚಿತ್ರವನ್ನೇ ನೆಲದ ಮೇಲೆ ಬಿಡಿಸುತ್ತದೆ. ಹೊರಗೆ ಬರದವಳೇ ನಮಗಿಂತ ಚಂದ ನೋಡಿದಳು.

ಕೆಲವು ಸಣ್ಣ ಸಂಗತಿ. ಕತ್ತಲಿಗೆ ಕಣ್ಣು ಒಗ್ಗಲು ಇಪ್ಪತ್ತು ನಿಮಿಷವಾದರೂ ಬೇಕು. ಒಬ್ಬರು ಮೊಬೈಲ್ ತೆರೆದರೆ ಮತ್ತೆ ಮೊದಲಿನಿಂದ. ಆಕಾಶಬುಟ್ಟಿಗೆ ತಂದ ಕೆಂಪು ಕಾಗದದ ತುಂಡು ಉಳಿದಿರುತ್ತದಲ್ಲ, ಅದನ್ನು ಟಾರ್ಚಿಗೆ ಕಟ್ಟಿ. ಪಟಾಕಿ ಸಂಜೆಯೇ ಮುಗಿಸಿಬಿಡಿ. ಮಕ್ಕಳಿಗೆ ಟೊಪ್ಪಿ ಹಾಕಿ, ಇಬ್ಬನಿ ಬೀಳುತ್ತದೆ. ಅಂಗಳದಲ್ಲೇ ಇರಿ, ತೋಟದ ಕಡೆ ಹೋದರೆ ರಕ್ತ ಹೀರುವ ಉಂಬಳ.

ದೀಪಾವಳಿಗೆ ಮೋಡ ಕೈಕೊಟ್ಟರೆ ಡಿಸೆಂಬರ್ 13–14ಕ್ಕೆ ಮತ್ತೆ ಕರೆಯಿರಿ. ಜೆಮಿನಿಡ್ ಉಲ್ಕೆಗಳು ಬೀಳುವ ರಾತ್ರಿ. ನಮ್ಮಲ್ಲಿ ಅದು ಅಡಿಕೆ ಸುಲಿಯುವ ಕಾಲ, ಹೇಗೂ ಜನ ಎದ್ದಿರುತ್ತಾರೆ. ಒಂದು ವರ್ಷ ಕಷಾಯ ಕುಡಿಯಲು ಎದ್ದವರು ದೀಪ ಆರಿಸಿ ಮುಕ್ಕಾಲು ಗಂಟೆಯಲ್ಲಿ 31 ಎಣಿಸಿದ್ದೆವು. ಸುಲಿಯುವ ಕೆಲಸ ಅಷ್ಟು ಹಿಂದೆ ಬಿತ್ತು ಎಂದು ಅಪ್ಪ ಇನ್ನೂ ಹೇಳುತ್ತಾರೆ. ಹಾಂ, 2028ರ ಡಿಸೆಂಬರ್ 31ರ ರಾತ್ರಿ ಪೂರ್ಣ ಚಂದ್ರಗ್ರಹಣ ಇದೆ, ಹತ್ತೂವರೆ ಆಸುಪಾಸಿನಲ್ಲಿ ಚಂದ್ರ ಕೆಂಪಾಗಿರುತ್ತಾನೆ. ಹೊಸವರ್ಷದ ಪಾರ್ಟಿಗೆ ಈಗಲೇ ಜನ ಹೇಳಿಡಿ.

ಒಂದು ತೊಂದರೆ ಮೊದಲೇ ಹೇಳಿಬಿಡುತ್ತೇನೆ. ಎಲ್ಲರ ನಕ್ಷತ್ರವೂ ದೀಪಾವಳಿಗೆ ಸಿಗುವುದಿಲ್ಲ. ನಮ್ಮ ಭಾವನದು ಅನುರಾಧಾ. ನವೆಂಬರ್‌ನಲ್ಲಿ ಸೂರ್ಯನೇ ಆ ಕಡೆ ಇರುತ್ತಾನೆ, ಕಾಣುವುದೇ ಇಲ್ಲ. 'ನನಗೆ ಮಾತ್ರ ಯಾವಾಗಲೂ ಹೀಗೆ' ಎಂದು ಮುಖ ಸಣ್ಣ ಮಾಡಿದ. ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ ಕಾರವಾರಕ್ಕೆ ಬಾ ಎಂದೆ. ಬಂದ. ನಮ್ಮ ಮನೆ ತಾರಸಿಯ ಮೇಲೆ ರಾತ್ರಿ ಒಂಬತ್ತೂವರೆಗೆ ಆಗ್ನೇಯದಲ್ಲಿ ಅನುರಾಧಾ ತೋರಿಸಿದೆ. ದಕ್ಷಿಣದಲ್ಲಿ, ಗುಡ್ಡದ ಸಾಲಿಗಿಂತ ಸ್ವಲ್ಪವೇ ಮೇಲೆ, ತ್ರಿಶಂಕು ನಕ್ಷತ್ರಪುಂಜವನ್ನೂ ತೋರಿಸಿದೆ. ಅದರ ಕಡೆ ಅವನು ತಿರುಗಿಯೂ ನೋಡಲಿಲ್ಲ. ಮೊಬೈಲ್ ಎತ್ತಿ ಒಂದು ಫೋಟೊ ಹೊಡೆದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ಪೂರ್ತಿ ಕಪ್ಪು, ಮೂಲೆಯಲ್ಲಿ ನೀರಿನ ಟ್ಯಾಂಕಿನ ತುದಿ. ಕೆಳಗೆ ಬರೆದಿದ್ದ: 'ನನ್ನದು'.