ಬೆಂಕಿ ಬಿದ್ದಾಗ ಅಲ್ಲ, ಡಿಸೆಂಬರಿನಲ್ಲಿ ಬನ್ನಿ

ಬೇಸಿಗೆ ಬಂತೆಂದರೆ ಬಂಡೀಪುರ, ನಾಗರಹೊಳೆ ಕಾಡುಗಳಿಗೆ ಬೆಂಕಿ ಬಿದ್ದ ಸುದ್ದಿ ಓದಿ ಸಂಕಟವಾಗುತ್ತದೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಐದಾರು ಗೆಳೆಯರು ಒಂದು ವಾರ ರಜೆ ಹಾಕಿ ಬೆಂಕಿ ಆರಿಸಲು ಹೋದರೆ ಪ್ರಯೋಜನವಾದೀತೇ ಎಂದು ನೀವು ಕೇಳಿದ್ದೀರಿ. ನಾನು ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಮೇಷ್ಟ್ರು. ಹತ್ತು ಹನ್ನೆರಡು ವರ್ಷಗಳಿಂದ ಬಿಡುವಾದಾಗಲೆಲ್ಲ ಬಂಡೀಪುರದ ಕಾಡಂಚಿಗೆ ಹೋಗಿ ಕೈಲಾದ ಕೆಲಸ ಮಾಡಿ ಬರುತ್ತಿದ್ದೇನೆ. ಆ ಅನುಭವದ ಮೇಲೆ ಹೇಳುವುದಾದರೆ, ಖಂಡಿತ ಪ್ರಯೋಜನವಾಗುತ್ತದೆ, ಆದರೆ ನೀವು ಎಣಿಸಿಕೊಂಡಿರುವ ತಿಂಗಳಿನಲ್ಲಿ ಅಲ್ಲ, ನೀವು ಎಣಿಸಿಕೊಂಡಿರುವ ಕೆಲಸದಿಂದಲೂ ಅಲ್ಲ.

2019ರ ಫೆಬ್ರವರಿಯಲ್ಲಿ ನಾನೂ ನಿಮ್ಮ ಹಾಗೆಯೇ ಹೊರಟಿದ್ದೆ. ಆ ತಿಂಗಳ 21ರಿಂದ 25ರವರೆಗಿನ ಐದು ದಿನಗಳಲ್ಲಿ ಬಂಡೀಪುರದಲ್ಲಿ ಸುಮಾರು 4,420 ಹೆಕ್ಟೇರ್ ಕಾಡು ಸುಟ್ಟಿತೆಂದು ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಉಪಗ್ರಹ ಚಿತ್ರಗಳಿಂದ ಅಂದಾಜು ಮಾಡಿತು. ಗೋಪಾಲಸ್ವಾಮಿ ಬೆಟ್ಟದ ಇಳಿಜಾರುಗಳು ಕಪ್ಪಾದವು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ಬಕೆಟ್ಟುಗಳಲ್ಲಿ ನೀರು ಹೊತ್ತು ತಂದು ಸುರಿಯಬೇಕಾಯಿತು. ಮೈಸೂರು, ಬೆಂಗಳೂರುಗಳಿಂದ ನೂರಾರು ಜನ ಓಡಿ ಬಂದಿದ್ದರು. ಅವರಲ್ಲಿ ಬಹಳಷ್ಟು ಮಂದಿಗೆ, ನನಗೂ ಸೇರಿ, ಬೆಂಕಿಯ ಮುಂದೆ ಎಲ್ಲಿ ನಿಲ್ಲಬೇಕು ಎಂಬುದೇ ಗೊತ್ತಿರಲಿಲ್ಲ. ನಾನು ಪಾಲಿಯೆಸ್ಟರ್ ಪ್ಯಾಂಟು, ಓಟದ ಶೂ ಹಾಕಿಕೊಂಡು ಹೋಗಿದ್ದೆ. ಮೊದಲ ಗಂಟೆಯಲ್ಲೇ ಶೂವಿನ ಅಟ್ಟೆ ಮೆತ್ತಗಾಗಿ ಅಂಟತೊಡಗಿತು. ಹಸಿ ಸೊಪ್ಪಿನ ಕೊಂಬೆ ಹಿಡಿದು ಜ್ವಾಲೆಗೆ ಎದುರಾಗಿ, ಒಣಹುಲ್ಲಿನ ಕಡೆಯಿಂದ ಬಡಿಯುತ್ತಿದ್ದ ನನ್ನನ್ನು ಅರಣ್ಯ ಇಲಾಖೆಯ ಕಾವಲಿಗಿದ್ದ ಒಬ್ಬ ಜೇನುಕುರುಬ ವಾಚರ್ ರಟ್ಟೆ ಹಿಡಿದು ಆಚೆಗೆ ಎಳೆದು, "ಸುಟ್ಟೋದ್ ಕಡೆ ನಿಂತ್ಕಳಿ ಸಾ, ಅಲ್ಗೆ ಬೆಂಕಿ ಮತ್ತೆ ಬರಾಕಿಲ್ಲ" ಎಂದರು. ನನ್ನನ್ನು ಕಾಯುವುದಕ್ಕೆ ಅವರು ಕಳೆದ ಆ ಹತ್ತು ನಿಮಿಷದಲ್ಲಿ ಬೆಂಕಿ ಎಷ್ಟು ಮುಂದೆ ಹೋಯಿತೋ ಅಷ್ಟು ನನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಕು. ಅದಕ್ಕೆ ಎರಡು ವರ್ಷ ಹಿಂದೆ, 2017ರ ಫೆಬ್ರವರಿಯಲ್ಲಿ, ಇದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡಿದ್ದರು. ಕಾಡು ಬಲ್ಲವರಿಗೇ ಹಾಗಾಗುವಾಗ ನಮ್ಮಂಥವರ ಪಾಡೇನು?

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ, ಒಳ್ಳೆಯ ಉದ್ದೇಶವಿತ್ತೆಂದು ಅದಕ್ಕೆ ರಿಯಾಯಿತಿ ಇಲ್ಲ. ಬೆಂಕಿಯ ದಿನಗಳಲ್ಲಿ ಇಲಾಖೆ ಕರೆದರೆ, ತರಬೇತಿ ಪಡೆದವರಾಗಿದ್ದರೆ, ಒಬ್ಬ ಗಾರ್ಡಿನ ಜೊತೆಯಲ್ಲಿ ಹೋಗಿ. ಇಲ್ಲದಿದ್ದರೆ ಗುಂಡ್ಲುಪೇಟೆಯಲ್ಲೇ ನಿಂತು ಒಳಗಿರುವವರಿಗೆ ನೀರು, ಊಟ, ಮಜ್ಜಿಗೆ ತಲುಪಿಸುವ ವ್ಯವಸ್ಥೆ ನೋಡಿಕೊಳ್ಳಿ. ಐದು ದಿನ ಸರಿಯಾಗಿ ಊಟ ಕಾಣದೆ ಬೆಂಕಿಯ ಹಿಂದೆ ಓಡುವವರಿಗೆ ಅದು ಸಣ್ಣ ಉಪಕಾರವೇನಲ್ಲ.

ಇನ್ನು ನಿಜವಾಗಿ ಕೈ ಬೇಕಾಗಿರುವ ಕೆಲಸ ಯಾವುದೆಂದು ತಿಳಿಯಲು ಈ ಬೆಂಕಿ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಬಂಡೀಪುರದ ಬಹುಭಾಗ ಎಲೆ ಉದುರಿಸುವ ಒಣ ಕಾಡು. ಜನವರಿಯ ಹೊತ್ತಿಗೆ ನೆಲದ ಮೇಲೆ ತರಗೆಲೆಯ ಹಾಸು ಬಿದ್ದಿರುತ್ತದೆ, ಹುಲ್ಲು ಒಣಗಿ ನಿಂತಿರುತ್ತದೆ. ಇಂಥ ಕಾಡಿನಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಅಪರೂಪ. ಬಹುಪಾಲು ಮನುಷ್ಯರ ಕೈಯಿಂದಲೇ ಬೀಳುತ್ತದೆ. ಎಳೆ ಹುಲ್ಲು ಚಿಗುರಲೆಂದು ಹಚ್ಚಿದ್ದು, ಆರದ ಬೀಡಿ ತುಂಡು, ಕಳ್ಳಬೇಟೆಯವರ ಕೆಲಸ, ಇಲಾಖೆಯ ಮೇಲಿನ ಸಿಟ್ಟು ಹೀಗೆ ಕಾರಣ ಒಂದಲ್ಲ. ಬರೀ ತರಗೆಲೆ, ಹುಲ್ಲು ಉರಿಯುವಾಗ ಜ್ವಾಲೆ ಮೊಣಕಾಲಿನ ಎತ್ತರದಲ್ಲಿರುತ್ತದೆ, ಸೊಪ್ಪಿನಿಂದ ಬಡಿದು ಆರಿಸಬಹುದು. ಅದೇ ಬೆಂಕಿ ಲಂಟಾನವೆಂಬ ಕಳೆಗಿಡದ ಪೊದೆಗೆ ಸಿಕ್ಕಿತೆಂದರೆ ಏಣಿ ಸಿಕ್ಕಂತೆ ಮೇಲೇರಿ ಮರದ ನೆತ್ತಿಗೆ ಹೋಗುತ್ತದೆ, ಒಣಗಿದ ಬಿದಿರು ಮೆಳೆಗೆ ತಗುಲಿದರೆ ಸಿಡಿದು ಕಿಡಿ ದೂರಕ್ಕೆ ಹಾರುತ್ತದೆ, ಇಳಿಜಾರಿನಲ್ಲಿ ಮೇಲ್ಮುಖವಾಗಿ ಓಡುವಾಗ ಯಾರ ಕೈಗೂ ಸಿಗುವುದಿಲ್ಲ.

ಆದ್ದರಿಂದಲೇ ಬೆಂಕಿ ರೇಖೆ. ಕಾಡಿನೊಳಗಿನ ರಸ್ತೆಗಳ ಇಕ್ಕೆಲಗಳಲ್ಲಿ, ವಲಯಗಳ ಗಡಿಯಲ್ಲಿ, ಕಾಡಂಚಿನ ಊರುಗಳ ಉದ್ದಕ್ಕೂ ಗಿಡಗಂಟಿ ಸವರಿ, ಒಣಗಲು ಬಿಟ್ಟು, ಇಬ್ಬನಿಯ ತೇವ ಇನ್ನೂ ಇರುವ ದಿನಗಳಲ್ಲಿ ಹಿಡಿತದಲ್ಲಿಟ್ಟುಕೊಂಡು ಸುಟ್ಟು, ಬೋಳು ಪಟ್ಟಿ ಮಾಡುವುದೇ ಆ ಕೆಲಸ. ಎಲೆ ಮತ್ತೆ ಮತ್ತೆ ಉದುರುವುದರಿಂದ ಆ ಪಟ್ಟಿಯನ್ನು ಏಪ್ರಿಲ್‌ವರೆಗೆ ಗುಡಿಸುತ್ತಲೇ ಇರಬೇಕಾಗುತ್ತದೆ. ಬೆಂಕಿ ಹಚ್ಚುವ ಭಾಗ ಸಿಬ್ಬಂದಿಯದು, ಅದರಲ್ಲಿ ನಾವು ಕೈ ಹಾಕಬಾರದು. ಸವರುವುದು, ಎಳೆದು ರಾಶಿ ಹಾಕುವುದು, ಗುಡಿಸುವುದು ಮಾತ್ರ ಯಾರೂ ಮಾಡಬಹುದಾದ ಕೆಲಸ. ಡಿಸೆಂಬರಿನಿಂದ ಜನವರಿಯ ಕೊನೆಯವರೆಗೆ ಎಷ್ಟು ಜನ ಬಂದರೂ ಸಾಲುವುದಿಲ್ಲ. ಪತ್ರಿಕೆಯಲ್ಲಿ ಇದರ ಚಿತ್ರ ಬರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಪೊರಕೆ ಹಿಡಿದ ಮೇಷ್ಟ್ರ ಚಿತ್ರ ಯಾರಿಗೆ ಬೇಕು!

ಲಂಟಾನದ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು, ಏಕೆಂದರೆ ಸ್ವಯಂಸೇವಕರು ಅತಿ ಹೆಚ್ಚು ಉತ್ಸಾಹದಿಂದ ಮಾಡುವುದೂ, ಅತಿ ಹೆಚ್ಚು ತಪ್ಪು ಮಾಡುವುದೂ ಇದರಲ್ಲಿಯೇ. ಅಮೆರಿಕ ಖಂಡದ ಉಷ್ಣ ನಾಡುಗಳ ಈ ಗಿಡ 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತದ ಸಸ್ಯೋದ್ಯಾನಕ್ಕೆ ಬಂದು, ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸಿದ ಕಡೆಗೆಲ್ಲ ಹಬ್ಬಿತು. ಬಂಡೀಪುರದ ಪೂರ್ವಕ್ಕಿರುವ ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು 1997ರಲ್ಲಿಯೂ 2008ರಲ್ಲಿಯೂ ಅವೇ ಜಾಗಗಳನ್ನು ನೋಡಿದಾಗ, ಲಂಟಾನ ಇದ್ದ ತಾಕುಗಳ ಸಂಖ್ಯೆ ಸರಿಸುಮಾರು ಎರಡು ಪಟ್ಟಾಗಿತ್ತು. ಅಲ್ಲಿನ ಸೋಲಿಗರು ಇದಕ್ಕೆ ಹೇಳುವ ಕಾರಣವನ್ನು ಕೇಳಿದರೆ ನಿಮ್ಮ ಪ್ರಶ್ನೆಯೇ ಸ್ವಲ್ಪ ಅಲುಗಾಡೀತು. ಹಿಂದೆ ಅವರು ವರ್ಷದ ಆರಂಭದಲ್ಲಿ, ತರಗೆಲೆ ಇನ್ನೂ ತೆಳ್ಳಗಿರುವಾಗಲೇ, "ತರಗು ಬೆಂಕಿ" ಹಾಕುತ್ತಿದ್ದರು. ಅದು ನೆಲದ ಮೇಲೆ ಸಣ್ಣಗೆ ಹರಿದು ಎಳೆಯ ಲಂಟಾನವನ್ನು ಸುಟ್ಟು ಆರಿಹೋಗುತ್ತಿತ್ತು. ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು, ಲಂಟಾನ ಎತ್ತರವಾಯಿತು, ಈಗ ಬೆಂಕಿ ಬಿದ್ದರೆ ದೊಡ್ಡದಾಗಿಯೇ ಬೀಳುತ್ತದೆ ಎಂಬುದು ಅವರ ವಾದ. ಎಲ್ಲ ಬೆಂಕಿಯೂ ಶತ್ರು ಎಂದುಕೊಂಡು ಬಂದ ನನಗೆ ಇದನ್ನು ಒಪ್ಪಲು ಬಹಳ ದಿನ ಹಿಡಿಯಿತು. ಈಗ ಅವರ ಮಾತಿನಲ್ಲಿ ತಥ್ಯವಿದೆ ಎಂದೇ ನನಗನ್ನಿಸುತ್ತದೆ, ಆದರೆ ಇಂದಿನ ಲಂಟಾನದ ನಡುವೆ ಅದೇ ಬೆಂಕಿಯನ್ನು ಮತ್ತೆ ಹಾಕಿದರೆ ಅದು ಹಳೆಯ ಬೆಂಕಿಯಾಗಿ ಉಳಿಯುವುದಿಲ್ಲ, ಮೊದಲು ಲಂಟಾನ ಹೋಗಬೇಕು.

ಅದನ್ನು ತೆಗೆಯುವ ಬಗೆ ಹೀಗಿದೆ. ಮಚ್ಚಿನಿಂದ ಕಾಂಡ ಸವರಿದರೆ ಬುಡದಿಂದ ಹತ್ತು ಚಿಗುರು ಬರುತ್ತವೆ; ಮೊದಲ ವರ್ಷ ನಾವು ಮಾಡಿದ್ದು ಅದನ್ನೇ, ಮರುವರ್ಷ ಹೋಗಿ ನೋಡಿದರೆ ಪೊದೆ ಮೊದಲಿಗಿಂತ ದಟ್ಟವಾಗಿತ್ತು. ಮಣ್ಣನ್ನು ಕೆದಕಿ, ನೆಲಮಟ್ಟದಿಂದ ಸ್ವಲ್ಪ ಕೆಳಗೆ, ಕಾಂಡ ಬೇರಿಗೆ ಸೇರುವ ಜಾಗಕ್ಕೆ ಸರಿಯಾಗಿ ಗುದ್ದಲಿಯ ಏಟು ಹಾಕಿ, ಇಡೀ ಪೊದೆಯನ್ನು ಎತ್ತಿ ಬುಡ ಮೇಲಾಗುವಂತೆ ಮಗುಚಬೇಕು, ಆಗ ಅದು ಮತ್ತೆ ಬೇರು ಬಿಡದೆ ಒಣಗುತ್ತದೆ. ಹಣ್ಣು ಕಟ್ಟುವ ಮುನ್ನ, ನೆಲದಲ್ಲಿ ಹಸಿಯಿರುವಾಗ ಇದನ್ನು ಮಾಡುವುದು ಸುಲಭ. ಅಷ್ಟಕ್ಕೇ ಮುಗಿಯಲಿಲ್ಲ: ಮುಂದಿನ ಎರಡು ಮೂರು ವರ್ಷ ಅದೇ ಜಾಗಕ್ಕೆ ಹೋಗಿ, ವಿಶೇಷವಾಗಿ ಹಕ್ಕಿಗಳು ಕೂರುವ ಮರಗಳ ಕೆಳಗೆ, ಹೊಸ ಸಸಿಗಳನ್ನು ಕೈಯಿಂದ ಕೀಳಬೇಕು, ನಾಡಹುಲ್ಲು ಬೇರೂರುವವರೆಗೆ ಕಾಯಬೇಕು. ಲಂಟಾನದಂತೆಯೇ ಹೊರಗಿನಿಂದ ಬಂದು ಹಬ್ಬುತ್ತಿರುವ, ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರ ಕಂಡರೆ ಮಾತ್ರ ಕೊಡಲಿ ಎತ್ತಬೇಡಿ. ಕಡಿದಷ್ಟೂ ಕವಲೊಡೆಯುವ ಜಾತಿ ಅದು, ಇಲಾಖೆಯವರು ಹೇಳಿದ ಕ್ರಮದಲ್ಲಿಯೇ ನಡೆಯಲಿ.

ಹೆದ್ದಾರಿಯ ಬದಿಯ ಪ್ಲಾಸ್ಟಿಕ್ ಆರಿಸುವ ಶಿಬಿರಗಳೂ ನಡೆಯುತ್ತವೆ, ಒಳ್ಳೆಯ ಕೆಲಸ, ಮೊದಲ ಸಲ ಬರುವವರಿಗೆ ಅದು ಸಾಕು.

ಸಿಟ್ಟಿನಿಂದ ಬೀಳುವ ಬೆಂಕಿಯ ವಿಷಯಕ್ಕೆ ಬರೋಣ. ಕಾಡಂಚಿನ ರೈತನ ಜೋಳ, ಬಾಳೆಯನ್ನು ಆನೆ ತುಳಿದರೆ, ಹಸುವನ್ನು ಹುಲಿ ಹಿಡಿದರೆ ಸರ್ಕಾರದಿಂದ ಪರಿಹಾರವುಂಟು. ಆದರೆ ಅರ್ಜಿ, ಫೋಟೋ, ಪಹಣಿ, ಬ್ಯಾಂಕ್ ಪುಸ್ತಕದ ಪ್ರತಿ ಎಂದು ಹೊಂದಿಸುವಷ್ಟರಲ್ಲಿ ಆತನ ಅರ್ಧ ಜೀವ ಹೋಗಿರುತ್ತದೆ. ವನ್ಯಜೀವಿ ಅಧ್ಯಯನ ಕೇಂದ್ರವು 2015ರಿಂದ "ವೈಲ್ಡ್ ಸೇವೆ" ಎಂಬ ಹೆಸರಿನಲ್ಲಿ ಬಂಡೀಪುರ, ನಾಗರಹೊಳೆಗಳ ಸುತ್ತ ಇಂಥ ಅರ್ಜಿ ತುಂಬಿಸಿಕೊಡುವ ಕೆಲಸ ಮಾಡುತ್ತಿದೆ. ಕಾಡನ್ನು ಉಳಿಸಬೇಕೆನ್ನುವ ನಗರದ ಗೆಳೆಯರು ಒಂದು ಊರಿನ ಹತ್ತು ಮನೆಯವರಿಗಾದರೂ ಈ ಕಾಗದಪತ್ರದಲ್ಲಿ ನೆರವಾದರೆ ಹತ್ತು ಮಂದಿ ಬೆಂಕಿ ಕಾವಲುಗಾರರನ್ನು ಕೊಟ್ಟಂತೆ ಎಂದು ನಾನು ನಂಬಿದ್ದೇನೆ. ಆ ಊರಿನವರು ಹೊಗೆ ಕಂಡ ಕೂಡಲೇ ಫೋನು ಮಾಡಿದರೆ, ಅದು ಯಾವ ಹೆಲಿಕಾಪ್ಟರಿಗಿಂತಲೂ ಬೇಗ.

ಕಾಗದದ ಬಲ ದೊಡ್ಡದೆಂಬುದಕ್ಕೆ ನಮ್ಮಲ್ಲಿಯೇ ಕುದುರೆಮುಖದ ನಿದರ್ಶನವಿದೆ. ಅಲ್ಲಿನ ಕಬ್ಬಿಣದ ಅದಿರು ಗಣಿಗೆ 1969ರಲ್ಲಿ 30 ವರ್ಷದ ಗುತ್ತಿಗೆ ಸಿಕ್ಕಿತ್ತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದರೂ ಗಣಿ ನಡೆದೇ ಇತ್ತು, ಮಳೆಗಾಲದಲ್ಲಿ ಭದ್ರಾ ನದಿ ಹೂಳು ಹೊತ್ತು ಕೆಂಪಗೆ ಹರಿಯುತ್ತಿತ್ತು. ಗುತ್ತಿಗೆಯ ಅವಧಿ ಮುಗಿದ ಮೇಲೂ ಅದನ್ನು ಮುಂದುವರಿಸುವ ಮಾತು ಬಂದಾಗ, ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ಬಂದ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಸಂಬಳವಿಲ್ಲದೆ ದಾಖಲೆ ಹುಡುಕಿದವರ, ಜನರ ನಡುವೆ ವಿಷಯ ತಿಳಿಸಿದವರ ಶ್ರಮ ಅದರ ಹಿಂದಿತ್ತು. 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇರುವ ವಾಹನ ನಿರ್ಬಂಧಕ್ಕೂ ರಸ್ತೆಯಲ್ಲಿ ಸತ್ತ ಪ್ರಾಣಿಗಳ ಲೆಕ್ಕವೇ ಆಧಾರವಾಯಿತು.

ನೀವು ಸಾಫ್ಟ್‌ವೇರಿನವರು ಎಂದದ್ದರಿಂದ ಇನ್ನೊಂದು ಮಾತು. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು ಉಪಗ್ರಹಕ್ಕೆ ಕಂಡ ಕಾಡಿನ ಬೆಂಕಿಯ ಸೂಚನೆಯನ್ನು ಹೆಸರು ನೋಂದಾಯಿಸಿದವರ ಮೊಬೈಲಿಗೆ ಕಳಿಸುತ್ತದೆ, ಸಾರ್ವಜನಿಕರೂ ನೋಂದಾಯಿಸಿಕೊಳ್ಳಬಹುದು. ಆ ಬಿಂದುಗಳನ್ನು ಹಲವು ವರ್ಷಗಳದ್ದು ಒಟ್ಟುಗೂಡಿಸಿ, ಯಾವ ಊರಿನ ಹತ್ತಿರ, ಯಾವ ವಾರದಲ್ಲಿ ಬೆಂಕಿ ಮತ್ತೆ ಮತ್ತೆ ಬೀಳುತ್ತದೆ ಎಂಬ ನಕ್ಷೆ ಮಾಡಿ ವಲಯ ಕಚೇರಿಗೆ ಕೊಟ್ಟರೆ, ವಾಚರುಗಳನ್ನು ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸಲು ಅದು ನೆರವಾಗುತ್ತದೆ. ಹೀಗೆ ಮಾಡಲು ಬೆಂಗಳೂರು ಬಿಡಬೇಕಾಗಿಯೂ ಇಲ್ಲ.

ಬರುವುದೇ ಆದರೆ ಅಕ್ಟೋಬರಿನಲ್ಲಿಯೇ ಬಂಡೀಪುರ ಹುಲಿ ಯೋಜನೆಯ ನಿರ್ದೇಶಕರ ಕಚೇರಿಗೆ ಪತ್ರ ಬರೆಯಿರಿ. ಎಷ್ಟು ಜನ, ಯಾವ ದಿನ, ಯಾವ ಕೆಲಸಕ್ಕೆ ಸಿದ್ಧ ಎಂದು ಸ್ಪಷ್ಟವಾಗಿ ತಿಳಿಸಿ, ಸಫಾರಿಯ ಆಸೆಯನ್ನು ಆ ಪತ್ರದಲ್ಲಿ ಸೇರಿಸಬೇಡಿ. ಹತ್ತಿಯ ಬಟ್ಟೆ, ಚರ್ಮದ ಬೂಟು, ಕೈಗವಸು, ನಿಮ್ಮದೇ ಊಟದ ತಟ್ಟೆ ತನ್ನಿ. ಒಂದೇ ವಾರದ ರಜೆಯನ್ನು ಒಟ್ಟಿಗೆ ಖರ್ಚು ಮಾಡುವ ಬದಲು ಅದನ್ನೇ ಎರಡೆರಡು ದಿನವಾಗಿ ಹಂಚಿ, ಮೂರು ವರ್ಷ ಅದೇ ವಲಯಕ್ಕೆ ಬನ್ನಿ. ಮೊದಲ ವರ್ಷ ನೀವು ಕಿತ್ತ ಲಂಟಾನದ ಜಾಗದಲ್ಲಿ ಎರಡನೆಯ ವರ್ಷ ಮೊಳೆತದ್ದನ್ನು ಕೀಳಬೇಕಾದವರೂ ನೀವೇ.